ಗಟ್ಟಿಮೇಳದ ಮೇಲೆ ಮೊಮ್ಮಗಳ ಕೈ

ಅಟ್ಟದಿಂದ ಎರಡು ರೆಕಾರ್ಡ್ ಪ್ಲೇಯರ್ ಇಳಿಸಿದ ದಿನ ನಮ್ಮ ಮನೆಯಲ್ಲಿ ಮೊದಲು ಕೆಟ್ಟಿದ್ದು ನನ್ನ ಮಗನ ಮುಖ. ಪ್ಲೇಯರ್‌ಗಳು ಯಾವಾಗಲೋ ಕೆಟ್ಟಿದ್ದವು, ಅವಕ್ಕೆ ಹೊಸದಾಗಿ ಕೆಡುವುದೇನೂ ಉಳಿದಿರಲಿಲ್ಲ.

ಇಳಿಸಿದವಳು ಅವನ ಮಗಳು, ನನ್ನ ಮೊಮ್ಮಗಳು. ಎರಡನೇ ಪಿಯುಸಿ, ಕೆ. ಹೊಸಕೋಟೆಯಿಂದ ಆಲೂರಿಗೆ ದಿನಾ ಬಸ್ಸು. ಸೀಡಿ ಬಂದು ಕ್ಯಾಸೆಟ್ಟನ್ನು ಮೂಲೆಗೆ ತಳ್ಳಿದ್ದ ಕಾಲ ಅದು. ಆ ಕ್ಯಾಸೆಟ್ಟು ಅದಕ್ಕೂ ಮುಂಚೆ ಮೂಲೆಗೆ ತಳ್ಳಿದ್ದು ನಮ್ಮ ಪ್ಲೇಟುಗಳನ್ನು, ಸೂಜಿ ಇಟ್ಟರೆ ಹಾಡುವ ಆ ಕಪ್ಪು ರೆಕಾರ್ಡುಗಳನ್ನು. ಹದಿನೈದು ವರ್ಷ ಅಟ್ಟದಲ್ಲಿ ಇಲಿಗಳ ಜೊತೆ ಸಂಸಾರ ಮಾಡಿದ್ದವು ಪಾಪ.

ನಮ್ಮದು ಮೈಕ್ ಸೆಟ್ಟಿನ ಮನೆ. ನಮ್ಮ ಯಜಮಾನರು ಶುರು ಮಾಡಿದ್ದು, ಈಗ ಮಗ ನಡೆಸುತ್ತಾನೆ. ಆಗೆಲ್ಲ ಮದುವೆ ಮನೆಗೆ ಹೋದರೆ ಯಜಮಾನರು ಸಿಲ್ವರ್ ಓಕ್ ಮರ ಹತ್ತಿ ಹಾರ್ನ್ ಸ್ಪೀಕರ್ ಕಟ್ಟುವುದು, ನಾನು ಕೆಳಗೆ ಮೇಜಿನ ಮುಂದೆ ಕೂತು ಪ್ಲೇಟು ಹಾಕುವುದು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಹಾರ್ನಿನ ಬಾಯಲ್ಲೇ ಬದುಕಿ ಬದುಕಿ ಅವರ ಕಿವಿ ಮಂದವಾಯಿತು. ಆಮೇಲಿಂದ ಸ್ಪೀಕರ್ ಬಾಕ್ಸಿನ ಮೇಲೆ ಅಂಗೈ ಇಟ್ಟು ಸೌಂಡು ಸರಿ ಇದೆಯೋ ಇಲ್ಲವೋ ಹೇಳುತ್ತಾರೆ. ಒಂದು ಸಲವೂ ತಪ್ಪು ಹೇಳಿದ್ದಿಲ್ಲ.

ಮೊಮ್ಮಗಳು ಪ್ಲೇಯರಿನ ಧೂಳು ಒರೆಸಿ ಒಂದು ಪ್ಲೇಟು ಹಾಕಿ, "ಅಜ್ಜಿ, ನೋಡಿಲ್ಲಿ, ಇದ್ಕೆ ಸ್ಕ್ರಾಚ್ ಅಂತಾರೆ" ಅಂತ ಬೆರಳಿಟ್ಟು ಅದನ್ನು ಹಿಂದಕ್ಕೂ ಮುಂದಕ್ಕೂ ಪರಪರ ಎಳೆದಳು. ನಾನು ಅವಳ ಕೈಗೆ ಫಟ್ಟನೆ ಒಂದು ಕೊಟ್ಟೆ. ಯೋಚನೆ ಮಾಡಿ ಕೊಟ್ಟಿದ್ದಲ್ಲ, ಕೈ ತಾನಾಗಿ ಹೋಯಿತು. ಸೂಜಿಯ ಕೆಳಗೆ ಪ್ಲೇಟನ್ನು ಎಳೆಯುವುದು ಅಂದರೆ ನಮ್ಮ ಕಸುಬಿನಲ್ಲಿ ಮಗುವಿನ ಕಣ್ಣಿಗೆ ಕಡ್ಡಿ ಹಾಕಿದ ಹಾಗೆ.

"ಹೊಡೀಬ್ಯಾಡ ಅಜ್ಜಿ, ಇದೇ ಕಲೆ ಕಣಜ್ಜಿ!" ಅಂದಳು, ಕೈ ಉಜ್ಜಿಕೊಳ್ಳುತ್ತಾ.

ಅವಳು ಇದನ್ನು ಕಂಡಿದ್ದು ಗೆಳತಿಯ ಮನೆಯ ಕೇಬಲ್ ಟೀವಿಯಲ್ಲಿ. ಆಮೇಲೆ ಹಾಸನದ ಇಂಟರ್ನೆಟ್ ಅಂಗಡಿಗೆ ನಾಲ್ಕು ಶನಿವಾರ ಹೋಗಿ ಕೂತಿದ್ದಾಳೆ. ಅಲ್ಲಿ ವಿಡಿಯೋ ಮೂರು ಸೆಕೆಂಡು ಓಡಿ ಒಂದು ನಿಮಿಷ ನಿಲ್ಲುತ್ತಿತ್ತಂತೆ. ನಿಂತಾಗ ಬಲಗೈ ಎಲ್ಲಿ, ಎಡಗೈ ಎಲ್ಲಿ ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಿದ್ದಾಳೆ. ಅಮೆರಿಕದಲ್ಲಿ ಬಡವರ ಕೇರಿಯ ಹುಡುಗರು ಮನೆಯ ಹಳೇ ಪ್ಲೇಟುಗಳನ್ನು ಬೀದಿಗೆ ತಂದು ಹುಟ್ಟಿಸಿದ ವಿದ್ಯೆ ಇದು, ಹಿಪ್ ಹಾಪ್ ಅಂತ ಹೆಸರು, ಪ್ಲೇಟು ಆಡಿಸುವವನು ಡೀಜೆ, ಎಲ್ಲ ಹೇಳಿದಳು.

"ಹಾಡಲ್ಲಿ ಬರೀ ಬಡಿತ ಬರೋ ಜಾಗ ಇರ್ತೈತಲ್ಲ ಅಜ್ಜಿ, ಅದೇ ಜನಕ್ಕೆ ಇಷ್ಟ. ಆದ್ರೆ ಬೇಗ ಮುಗ್ದೋಗ್ತೈತೆ. ಅದ್ಕೆ ಒಂದೇ ಥರದ್ದು ಎರಡು ಪ್ಲೇಟ್ ತಗೊಂಡು, ಒಂದ್ರಲ್ಲಿ ಮುಗಿಯೋಷ್ಟ್ರಲ್ಲಿ ಇನ್ನೊಂದ್ರಲ್ಲಿ ಶುರು ಮಾಡೋದು. ಹಿಂಗೇ ಎಷ್ಟೊತ್ತು ಬೇಕಾದ್ರೂ ಎಳೀಬೋದು."

ನಾನು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟೆ. "ಅಯ್ಯೋ ಕೂಸೆ, ಗಟ್ಟಿಮೇಳ!" ಅಂದೆ.

ವಾಲಗದವರನ್ನು ಕರೆಸಲು ಕೈಲಾಗದ ಮದುವೆಗಳಲ್ಲಿ ಗಟ್ಟಿಮೇಳಕ್ಕೆ ನಮ್ಮ ಪ್ಲೇಟೇ ಗತಿ. ಅಯ್ಯನವರು ಕೈ ಎತ್ತಿದ ತಕ್ಷಣ ಡೋಲು ಬಡಿಯಬೇಕು. ಅದಕ್ಕೆ ಪ್ಲೇಟಿನಲ್ಲಿ ಗಟ್ಟಿಮೇಳ ಶುರುವಾಗುವ ಜಾಗವನ್ನು ಮೊದಲೇ ಹುಡುಕಿ, ನಡುವಿನ ಕಾಗದದ ಮೇಲೆ ಕುಂಕುಮಕ್ಕೆ ಹರಳೆಣ್ಣೆ ಕಲಸಿ ಒಂದು ಬೊಟ್ಟಿಡುತ್ತಿದ್ದೆ. ಪ್ಲೇಟಿನ ಅಂಚನ್ನು ಬೆರಳಲ್ಲಿ ಹಿಡಿದು ಕಾಯುವುದು, ಕೈ ಎದ್ದಾಗ ಬಿಡುವುದು. ಒಂದು ಸಲ ಯಸಳೂರು ಕಡೆ ಮದುವೆಯಲ್ಲಿ ಅಯ್ಯನವರು ಕೈ ಎತ್ತಿದ್ದು ಕಣಜದ ಹುಳ ಓಡಿಸುವುದಕ್ಕೆ. ನಾನು ಬಿಟ್ಟೇಬಿಟ್ಟೆ. ಡೋಲು ಕೇಳಿದ ಮದುಮಗ ತಾಳಿ ಕಟ್ಟಿಯೇಬಿಟ್ಟ, ಮುಹೂರ್ತಕ್ಕೆ ಇನ್ನೂ ಹನ್ನೊಂದು ನಿಮಿಷ ಇತ್ತು. ಆ ಜೋಡಿಗೆ ಈಗ ನಾಲ್ಕು ಮಕ್ಕಳು, ಸುಖವಾಗಿದ್ದಾರೆ. ಇನ್ನು ಕೆಲವು ಮದುಮಗಂದಿರಿಗೆ ಕೈ ನಡುಗಿ ಗಂಟು ಬೀಳುವುದೇ ಇಲ್ಲ, ಅಷ್ಟರಲ್ಲಿ ಪ್ಲೇಟಿನ ಗಟ್ಟಿಮೇಳ ಮುಗಿದುಹೋಗುತ್ತದೆ. ಹಾಗೆ ಒಂದು ಕಡೆ ಮಾನ ಹೋದ ಮೇಲೆ ಯಜಮಾನರು ಅದೇ ಪ್ಲೇಟು ಇನ್ನೊಂದು ತಂದರು, ಇನ್ನೊಂದು ಪ್ಲೇಯರೂ ತಂದರು. ಗಂಟು ಬೀಳುವ ತನಕ ನಾನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಗಟ್ಟಿಮೇಳವನ್ನು ದಾಟಿಸುತ್ತಿದ್ದೆ.

ಮೊಮ್ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಪ್ಲೇಟನ್ನು ಬೆಳಕಿಗೆ ಹಿಡಿದು ಬೊಟ್ಟು ನೋಡಿದಳು. "ಅಜ್ಜಿ, ಟೀವೀಲಿ ಅವ್ರು ಸ್ಟಿಕ್ಕರ್ ಅಂಟಿಸ್ಕೊಂಡಿರ್ತಾರೆ. ನೀನು ಬೊಟ್ಟಿಟ್ಟಿದೀಯ! ನೀನೇ ಡೀಜೆ ಕಣಜ್ಜಿ!" ಅಂತ ನನ್ನನ್ನು ಹಿಡಿದು ತಿರುಗಿಸಿದಳು. ನನಗೆ ತಲೆ ಸುತ್ತಿತು, ಸಂತೋಷಕ್ಕೋ ತಿರುಗಿಸಿದ್ದಕ್ಕೋ ಗೊತ್ತಿಲ್ಲ.

ಅವಸರ ಏನೆಂದರೆ ಅವಳು ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೆಸರು ಕೊಟ್ಟುಬಂದಿದ್ದಳು. ನಮ್ಮ ಮನೆಯಲ್ಲಿ ಎರಡು ಮೆಷಿನ್ ಇದೆ ಅಂತ ಜಂಬ ಕೊಚ್ಚಿಯೂ ಬಂದಿದ್ದಳು. ಮೂರು ವಾರ ಉಳಿದಿತ್ತು. ಆ ದಿನದ ಸೌಂಡ್ ಸೆಟ್ಟು ನನ್ನ ಮಗನದೇ. ಅವನಿಗೆ ಅದೇ ಸಂಕಟ.

"ಅವ್ವ, ನೀನಾದ್ರೂ ಬುದ್ಧಿ ಹೇಳು. ಟಿ.ಸಿ.ಎಚ್. ಮಾಡಿ ಟೀಚರ್ ಆಗವ್ವ ಅಂದ್ರೆ, ನಾನೂ ನಿನ್ ಜೊತೆ ಸೆಟ್ ನಡೆಸ್ತೀನಿ ಅಂತಾಳೆ. ಹೆಣ್‌ಹುಡ್ಗಿ ಸೆಟ್ ಹೊತ್ಕೊಂಡ್ ಊರೂರ್ ತಿರುಗಾದು ಚೆಂದಾನಾ?"

"ನಾನ್ ತಿರುಗ್ಲಿಲ್ವೇನೋ ಇಪ್ಪತ್ತು ವರ್ಷ?"

"ನೀನು ಅಪ್ಪನ್ ಜೊತೆ ಹೋಗ್ತಿದ್ದೆ, ಅಷ್ಟೇಯ."

ಆ 'ಅಷ್ಟೇಯ' ಒಣ ಅವಲಕ್ಕಿಯ ಹಾಗೆ ನನ್ನ ಗಂಟಲಲ್ಲಿ ಎರಡು ದಿನ ನಿಂತಿತು. ಮೊಮ್ಮಗಳು ಬಿಡಲಿಲ್ಲ. ಕೊನೆಗೆ ಅಪ್ಪ ಮಗಳಿಗೆ ಮಾತಾಯಿತು. ವಾರ್ಷಿಕೋತ್ಸವದಲ್ಲಿ ಸರಿಯಾಗಿ ನಡೆಸಿದರೆ ಸೆಟ್ಟಿನ ಜೊತೆ ಬರುವ ವಿಚಾರ ನೋಡೋಣ. ನಗೆಪಾಟಲಾದರೆ ಅವತ್ತಿಂದ ಸೆಟ್ಟಿನ ಒಂದು ವೈರನ್ನೂ ಅವಳು ಮುಟ್ಟಬಾರದು. "ಆಗ್ಲಿ" ಅಂದಳು ಇವಳು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ, ಇಬ್ಬರದೂ ಒಂದೇ ಮೂಗು.

ಮಾರನೇ ದಿನದಿಂದ ಕೆಲಸ ಹಿಡಿದೆವು. ಪ್ಲೇಯರಿನ ಹೊಟ್ಟೆಯೊಳಗೆ ಒಂದು ರಬ್ಬರ್ ಗಾಲಿ ಇರುತ್ತದೆ. ಮೋಟರ್ ಅದನ್ನು ತಿರುಗಿಸಿದರೆ ಅದು ಪ್ಲೇಟು ಕೂರುವ ಮೇಲಿನ ತಟ್ಟೆಯನ್ನು ತಿರುಗಿಸುತ್ತದೆ. ಎರಡರಲ್ಲೂ ರಬ್ಬರು ಒಣಗಿ ಕಲ್ಲಾಗಿತ್ತು. ಒಂದನ್ನು ಯಜಮಾನರು ಉಪ್ಪು ಕಾಗದದಲ್ಲಿ ತಿಕ್ಕಿ ತಿಕ್ಕಿ ದಾರಿಗೆ ತಂದರು. ಇನ್ನೊಂದು ಕೈಯಲ್ಲೇ ಪುಡಿಯಾಯಿತು. ಅಂಥ ಗಾಲಿ ಹಾಸನದಲ್ಲೂ ಸಿಗಲಿಲ್ಲ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, "ಇದು ಯಾವ್ ಮಿಕ್ಸೀದಮ್ಮ?" ಅಂತ ಕೇಳಿದರಂತೆ. ಕೊನೆಗೆ ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇ ಪಂಪಿನ ವಾಷರ್ ಒಂದನ್ನು ಬಳೆಯ ಹಾಗೆ ಕತ್ತರಿಸಿ ಗಾಲಿಯ ಮೇಲೆ ಏರಿಸಿ ಅಂಟು ಹಾಕಿದೆವು. ತಟ್ಟೆ ತಿರುಗಿತು. ಮೊದಲ ದಿನ ಮನೆಯೆಲ್ಲ ಮೈಲುತುತ್ತದ ವಾಸನೆ.

ಆಮೇಲೆ ತಟ್ಟೆಯ ಮೇಲಿನ ಹಾಸು. ಅದು ರಬ್ಬರಿನದು, ಪ್ಲೇಟನ್ನು ಕಚ್ಚಿ ಹಿಡಿಯುತ್ತದೆ. ಸ್ಕ್ರಾಚ್ ಮಾಡುವವರಿಗೆ ಕೆಳಗೆ ತಟ್ಟೆ ತಿರುಗುತ್ತಲೇ ಇರಬೇಕು, ಮೇಲೆ ಪ್ಲೇಟು ಬೆರಳು ಹೇಳಿದ ಹಾಗೆ ಕೇಳಬೇಕು. ಇದಕ್ಕೆ ನನ್ನ ಹತ್ತಿರ ಮದ್ದಿತ್ತು. ಹಳೇ ಕಂಬಳಿಯಲ್ಲಿ ಎರಡು ರೊಟ್ಟಿಯಗಲ ಕತ್ತರಿಸಿ, ಅನ್ನದ ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದೆ. ಕಾಗದದ ಹಾಗೆ ನುಣ್ಣಗೆ ನಿಂತವು. ಪ್ಲೇಟು ಅದರ ಮೇಲೆ ಬೆಣ್ಣೆಯ ಹಾಗೆ ಜಾರಿತು. ಕಂಬಳಿ ಯಜಮಾನರದು. ಅವರಿಗೆ ಎರಡು ದಿನ ಆದ ಮೇಲೆ ಹೇಳಿದೆ.

ಪ್ಲೇಟನ್ನು ಹಿಂದಕ್ಕೆ ಎಳೆದಾಗೆಲ್ಲ ಸೂಜಿ ಹಾರುತ್ತಿತ್ತು. ಸೂಜಿಯ ತೋಳಿಗೆ ಭಾರ ಬೇಕು ಅಂದಳು. ಅದೇ ಹೊತ್ತಿಗೆ ನನಗೂ ಒಂದು ಚಿಂತೆ ಹತ್ತಿತ್ತು. ಬಡಿತಕ್ಕೆ ಅವಳು ಆರಿಸಿದ್ದು ಗಟ್ಟಿಮೇಳದ ಪ್ಲೇಟು. ಮದುವೆ ಇಲ್ಲದೆ, ಮುಹೂರ್ತ ಇಲ್ಲದೆ ಗಟ್ಟಿಮೇಳ ಹಾಕಿಸುವುದು ಉಂಟೇ? ದೇವರಿಗೆ ತಪ್ಪು ಕಾಣಿಕೆ ಅಂತ ಎರಡು ಎಂಟಾಣೆಯನ್ನು ಅರಿಶಿನದ ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿಟ್ಟೆ. ಮೊಮ್ಮಗಳು ಅವನ್ನು ನೋಡಿದಳು, ನನ್ನನ್ನು ನೋಡಿದಳು.

"ಅಜ್ಜಿ, ಇದನ್ನ ಸೂಜಿ ತಲೆ ಮೇಲೇ ಕಟ್ಬುಟ್ರೆ? ಕಾಣಿಕೆಗೆ ಕಾಣ್ಕೇನೂ ಆಯ್ತು, ಭಾರಕ್ಕೆ ಭಾರಾನೂ ಆಯ್ತು."

ದೇವರ ಗೂಡಿನ ಕಡೆ ನೋಡಿದೆ. ಅಲ್ಲಿಂದ ಬೇಡ ಅಂತ ಏನೂ ಬರಲಿಲ್ಲ. ದಾರದಲ್ಲಿ ಸುತ್ತಿ ಕಟ್ಟಿದೆವು. ಸೂಜಿ ಕೂತ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಇನ್ನು ಸೌಂಡನ್ನು ಚಕ್ ಚಕ್ ಅಂತ ಕತ್ತರಿಸುವ ಉಪಾಯ. ಟೀವಿಯವರ ಮಿಕ್ಸರಿನಲ್ಲಿ ಅದಕ್ಕೇ ಅಡ್ಡಕ್ಕೆ ಸರಿಯುವ ಗುಂಡಿ ಇದೆಯಂತೆ. ನಮ್ಮ ಆಂಪ್ಲಿಫೈಯರಿನದು ತಿರುಗಿಸುವ ಗುಂಡಿ, ಅವಳು ತಿರುಗಿಸುವುದರೊಳಗೆ ಡೋಲು ಮುಂದಿನ ಊರು ದಾಟಿರುತ್ತಿತ್ತು. ಮೊಮ್ಮಗಳು ಕೈಸನ್ನೆಯಲ್ಲಿ ವಿವರಿಸಿದಳು. ಯಜಮಾನರು ತಲೆಯಾಡಿಸಿ ಹೊರಗೆ ಹೋದವರು ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನೇ ಬಿಚ್ಚಿಕೊಂಡು ಬಂದರು. ಒಂದು ಪ್ಲೇಯರಿನಿಂದ ಬರುವ ವೈರಿನ ನಡುವೆ ಅದನ್ನು ಕೂರಿಸಿದರು. ಒತ್ತಿದರೆ ಸೌಂಡು, ಬಿಟ್ಟರೆ ಇಲ್ಲ. ಮೊದಮೊದಲು ಬಿಟ್ಟಾಗ ಗುಂಯ್ ಅನ್ನುತ್ತಿತ್ತು. ಒಂದು ಸಣ್ಣ ರೆಸಿಸ್ಟೆನ್ಸ್ ಬೆಸುಗೆ ಹಾಕಿ ಅರ್ತಿಂಗಿಗೆ ಕೊಟ್ಟ ಮೇಲೆ ತೆಪ್ಪಗಾಯಿತು. ಆವತ್ತಿಂದ ಇವತ್ತಿನವರೆಗೂ ನಮ್ಮ ಮನೆಗೆ ಬಂದವರು ಗೇಟಿನಲ್ಲೇ ನಿಂತು ಕೂಗುತ್ತಾರೆ.

ಕೊನೆಯದು, ಸ್ಕ್ರಾಚ್ ಮಾಡಲು ಯಾವ ಪ್ಲೇಟು? ದೇವರ ಹಾಡಿಗೆ ನಾನು ಕೈ ಹಾಕಲು ಬಿಡಲಿಲ್ಲ. ಸಿನಿಮಾ ಹಾಡಿಗೆ ಯಜಮಾನರು ಬಿಡಲಿಲ್ಲ. ಉಳಿದದ್ದು ಯಾವುದೋ ಪೌರಾಣಿಕ ನಾಟಕದ ಒಂದು ಸಣ್ಣ ಪ್ಲೇಟು. ಅದರಲ್ಲಿ ಒಬ್ಬ ರಾಜ ಸಿಂಹಾಸನದಿಂದ ಎದ್ದು, "ಎಲವೋ!" ಅಂತ ಗುಡುಗುತ್ತಾನೆ. ಮೊಮ್ಮಗಳು ಅಲ್ಲಿಗೆ ಒಂದು ಬೊಟ್ಟಿಟ್ಟು, ಎಡಗೈಯಲ್ಲಿ ಪ್ಲೇಟು, ಬಲಗೈಯಲ್ಲಿ ಬೆಲ್ಲಿನ ಸ್ವಿಚ್ಚು ಹಿಡಿದು ಎಳೆದಳು. "ಎಲ. ಎಲ. ಎಲ ಎಲ ಎಲ ಎಲವೋ!"

ನಾವು ಮೂರೂ ಜನ ನಕ್ಕು ನಕ್ಕು ಸುಸ್ತಾದೆವು. ಯಜಮಾನರಿಗೆ ಕೇಳಿಸಿರಲಿಲ್ಲ, ನಾವು ನಕ್ಕಿದ್ದಕ್ಕೆ ನಕ್ಕರು. ಆಮೇಲೆ ಬಾಕ್ಸಿನ ಮೇಲೆ ಅಂಗೈ ಇಟ್ಟು ಇನ್ನೊಂದು ಸಲ ಮಾಡಿಸಿಕೊಂಡು ತಮ್ಮ ಪಾಲಿನದನ್ನು ಬೇರೆ ನಕ್ಕರು.

ನಾಲ್ಕನೇ ದಿನ ಸಂಜೆ ಗಟ್ಟಿಮೇಳವನ್ನು ಸ್ವಲ್ಪ ಜೋರಾಗಿಯೇ ಇಟ್ಟು ಅಭ್ಯಾಸ ಮಾಡುತ್ತಿದ್ದೆವು. ಎರಡು ಪ್ಲೇಟೂ ದಾಟಿಸಿ ದಾಟಿಸಿ ಕಾಲು ಗಂಟೆ ಎಳೆದಿರಬೇಕು. ಪಕ್ಕದ ಮನೆಯಾಕೆ ಸೆರಗು ಹೊದ್ದುಕೊಂಡು ಗೇಟಿಗೆ ಬಂದಳು. ಕಣ್ಣಲ್ಲಿ ನೀರು.

"ಯಾರ್ದಕ್ಕಾ ಮದ್ವೆ? ಒಂದೇ ಗೋಡೆ ನಮ್ದೂ ನಿಮ್ದೂ. ಒಂದ್ ಮಾತು ಹೇಳ್ದಂಗೆ ಮೊಮ್ಮಗಳಿಗೆ ತಾಳಿ ಕಟ್ಟಿಸ್ಬುಟ್ರಲ್ಲ!"

"ಇಲ್ಲ ಕಣೇ ಮಾರಾಯ್ತಿ, ಪ್ಲೇಟು! ಬಾ ನೋಡು, ಮದ್ವೆ ಗಿದ್ವೆ ಏನೂ ಇಲ್ಲ!"

ಅವಳು ಒಳಗೆ ಬಂದು ಕೋಣೆ ಕೋಣೆ ಇಣುಕಿ, ಮದುಮಗ ಎಲ್ಲೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಕಾಫಿ ಕುಡಿದಳು. ಆದರೆ ಸುದ್ದಿ ಆಗಲೇ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಮಗ ಮನೆಗೆ ಬರುವ ದಾರಿಯಲ್ಲಿ ಇಬ್ಬರು ಅವನ ಕೈ ಕುಲುಕಿ, "ಒಳ್ಳೇದಾಯ್ತು ಬಿಡಪ್ಪ, ಸರಳವಾಗೇ ಮುಗಿಸ್ಬುಟ್ಟೆ" ಅಂದಿದ್ದರು. ಆ ಸಂಜೆ ಅವನು ಮಾಡಿದ ಗಲಾಟೆಯನ್ನು ಇಲ್ಲಿ ಬರೆಯುವುದಿಲ್ಲ. ಸೆಟ್ಟು ಜೀಪಿಗೆ ಹಾಕಿ ಕೆರೆಗೆ ಬಿಡುತ್ತೇನೆ ಅನ್ನುವವರೆಗೂ ಹೋಯಿತು. ಆಮೇಲಿಂದ ಬಾಕ್ಸಿನ ಮೇಲೆ ಎರಡು ದಿಂಬು ಹಾಕಿ, ಕಿಟಕಿ ಮುಚ್ಚಿ ಅಭ್ಯಾಸ.

ಒಂದು ಪ್ಲೇಯರಿನಲ್ಲಿ ಡೋಲು ಓಡಬೇಕು, ಇನ್ನೊಂದರಲ್ಲಿ ಅವಳು ರಾಜನನ್ನು ಆಡಿಸಬೇಕು. ಅವಳ ತಪ್ಪು ಇದ್ದದ್ದು ಅವಸರದಲ್ಲಿ. ರಾಜನನ್ನು ಹಿಡಿದಳೆಂದರೆ ಡೋಲನ್ನು ಮರೆತೇಬಿಡುತ್ತಿದ್ದಳು. ಎಲವೋ ಒಂದು ಕಡೆ, ಬಡಿತ ಇನ್ನೊಂದು ಕಡೆ. ದಿನಾ ಕಾಲೇಜಿಂದ ಬಂದು ಒಂದೊಂದೂವರೆ ಗಂಟೆ ಕೂರುತ್ತಿದ್ದಳು, ಬೆರಳ ತುದಿ ಕೆಂಪಾಗುತ್ತಿತ್ತು. ನಾನು ಹೇಳಿದ್ದು ಒಂದೇ ಮಾತು. "ಪ್ಲೇಟ್ ಅಮುಕ್ಬ್ಯಾಡ ಕೂಸೆ. ಕೂತಿರೋ ಚಿಟ್ಟೆ ಮೇಲೆ ಕೈ ಇಟ್ಟಂಗೆ ಇಡು. ಕಿವಿ ಡೋಲಿನ ಕಡೆ ಇರ್ಲಿ, ರಾಜ ಎಲ್ಲೂ ಓಡೋಗಲ್ಲ." ಎರಡನೇ ವಾರದ ಕೊನೆಗೆ ಒಂದು ದಿನ ಡೋಲು ನಾಲ್ಕು ಬಡಿಯಿತು, ಅದರ ಸಂದಿಯಲ್ಲಿ ಎಲ ಎಲ ಅಂತ ಬಂತು, ಮತ್ತೆ ನಾಲ್ಕು, ಮತ್ತೆ ಎಲ ಎಲ, ಆಮೇಲೆ ಇಡೀ "ಎಲವೋ" ಸರಿಯಾಗಿ ಡೋಲಿನ ಮುಕ್ತಾಯದ ಮೇಲೆ ಬಿತ್ತು. ಅವಳು ಸ್ವಿಚ್ಚಿಂದ ಕೈ ತೆಗೆದು ನನ್ನ ಮುಖ ನೋಡಿದಳು. ನನ್ನ ತೋಳಿನ ರೋಮ ನಿಂತಿದ್ದವು. ಅವುಗಳನ್ನೇ ತೋರಿಸಿದೆ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನವೇ ಜೀಪಿನಲ್ಲಿ ಹೋದೆವು. ಕಾಲೇಜಿನ ಮೈದಾನದಲ್ಲಿ ಡ್ರಮ್ಮುಗಳ ಮೇಲೆ ಹಲಗೆ ಜೋಡಿಸಿ ಸ್ಟೇಜು ಮಾಡಿದ್ದರು. ಅದರ ಮೇಲೆ ಮೇಜಿಟ್ಟು ಪ್ಲೇಯರ್ ಕೂರಿಸಿ ನೋಡಿದೆವು. ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಡ್ಯಾನ್ಸಿನ ಹನ್ನೆರಡು ಹುಡುಗಿಯರು ಅಭ್ಯಾಸಕ್ಕೆ ಹತ್ತಿ ಕುಣಿದರು. ಹಲಗೆ ಜಿಗಿಯಿತು, ಮೇಜು ಜಿಗಿಯಿತು, ಸೂಜಿ ಗಟ್ಟಿಮೇಳದಿಂದ ಹಾರಿ ಮಂಗಳಾರತಿಯ ಹತ್ತಿರ ಹೋಗಿ ಬಿತ್ತು. ಹುಡುಗಿಯರು ಇಳಿದ ಮೇಲೂ ಯಾರಾದರೂ ಒಬ್ಬರು ಸ್ಟೇಜಿನ ಮೇಲೆ ನಡೆದರೆ ಸಾಕು, ಹಾರುತ್ತಿತ್ತು. ಎಂಟಾಣೆಯ ಜೊತೆ ಇನ್ನೊಂದು ಎಂಟಾಣೆ ಕಟ್ಟಿದೆವು. ಉಪಯೋಗವಿಲ್ಲ. ಮೊಮ್ಮಗಳ ಮುಖ ಸುಣ್ಣದ ಹಾಗಾಯಿತು.

"ನಾನ್ ಮೊದ್ಲೇ ಹೇಳ್ಲಿಲ್ವಾ?" ಅಂದ ಮಗ. "ಹೆಸ್ರು ವಾಪಸ್ ತಗೊಂಡ್ಬುಡು. ಮಾನ ಉಳೀತೈತೆ."

ನಾನು ಸ್ಟೇಜಿನ ಕೆಳಗೆ ನೋಡಿದೆ. ಗಟ್ಟಿ ನೆಲ. ಇಪ್ಪತ್ತು ವರ್ಷದಲ್ಲಿ ನಾನು ಒಂದು ದಿನವಾದರೂ ಹಲಗೆಯ ಮೇಲೆ ಕೂತು ಪ್ಲೇಟು ಹಾಕಿದ್ದೆನೇ? ಮದುಮಕ್ಕಳು ಮಣೆಯ ಮೇಲೆ, ನಾನು ಮಣ್ಣಿನ ಮೇಲೆ. ಪಕ್ಕದಲ್ಲಿ ಮಕ್ಕಳು ಕುಣಿದು ಕುಪ್ಪಳಿಸಿದರೂ ನನ್ನ ಸೂಜಿ ಹಾರಿದ್ದಿಲ್ಲ.

"ಮೇಜು ಕೆಳಗಿಳ್ಸು" ಅಂದೆ.

"ಸ್ಟೇಜ್ ಬುಟ್ಟು ನೆಲದ್ ಮೇಲಾ? ಯಾರಿಗ್ ಕಾಣ್ತೈತವ್ವ? ಮುಂದ್ಗಡೆ ಗಣ್ಯರು ಬೇರೆ ಕೂತಿರ್ತಾರೆ!"

"ಕಾಣ್ದಿದ್ರೆ ಎದ್ ಬಂದು ನೋಡ್ತಾರೆ. ಇಳ್ಸೋ."

ಅವನು ಇನ್ನೂ ನಿಂತೇ ಇದ್ದ. ಮೇಜಿನ ಒಂದು ಕಡೆ ನಾನೇ ಹಿಡಿದೆ, ಇನ್ನೊಂದು ಕಡೆ ಮೊಮ್ಮಗಳು. ಎತ್ತಿದೆವು. ಆಗ ನಾಚಿಕೆಗೆ ಅವನೂ ಬಂದು ಕೈ ಕೊಟ್ಟ. ಸ್ಟೇಜಿನ ಮುಂದೆ, ಕುರ್ಚಿಗಳ ಮೊದಲ ಸಾಲಿನ ಎದುರಿಗೇ ಇಟ್ಟೆವು. ನಾಲ್ಕು ಕಾಲಿಗೂ ಮಡಿಸಿದ ಗೋಣಿಚೀಲ. ಮೊಮ್ಮಗಳು ಮೇಜಿನ ಪಕ್ಕದಲ್ಲೇ ನಾಲ್ಕು ಸಲ ಹಾರಿ ನೋಡಿದಳು. ಸೂಜಿ ಮಿಸುಕಲಿಲ್ಲ.

ನಮ್ಮ ಸರದಿ ಬಂದಾಗ ಮೈಕಿನಲ್ಲಿ, "ಈಗ ಒಂದು ವಿಶೇಷ ವಾದ್ಯ ಕಾರ್ಯಕ್ರಮ" ಅಂದರು. ಅದನ್ನು ಏನೆಂದು ಕರೆಯಬೇಕೋ ಅವರಿಗೂ ಗೊತ್ತಿರಲಿಲ್ಲ. ಮೊಮ್ಮಗಳು ನಿಂತಳು. ನಾನು ಪಕ್ಕದ ಕುರ್ಚಿಯಲ್ಲಿ, ಗಟ್ಟಿಮೇಳ ಮುಗಿಯುತ್ತಾ ಬಂದಾಗೆಲ್ಲ ಸೂಜಿಯನ್ನು ಮತ್ತೆ ಶುರುವಿನ ಜಾಗಕ್ಕೆ ಎತ್ತಿಡುವುದು ನನ್ನ ಕೆಲಸ. ಮಗ ಆಂಪ್ಲಿಫೈಯರ್ ಹತ್ತಿರ. ಯಜಮಾನರು ಬಾಕ್ಸಿನ ಹತ್ತಿರ, ಎರಡೂ ಅಂಗೈ ಅದರ ಮೇಲೆ.

ಅವಳು ಬೆರಳು ಬಿಟ್ಟಳು. ಗಟ್ಟಿಮೇಳ ಬಡಿಯಿತು.

ನಾನು ಏನೇನೋ ಎಣಿಸಿದ್ದೆ, ಇದನ್ನು ಎಣಿಸಿರಲಿಲ್ಲ. ಮಕ್ಕಳ ಜೊತೆ ಬಂದಿದ್ದ ಅಪ್ಪ ಅಮ್ಮ, ಅಜ್ಜ ಅಜ್ಜಿಯರು ಡೋಲು ಕೇಳಿದ್ದೇ ದಡಬಡ ಎದ್ದು ನಿಂತುಬಿಟ್ಟರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಒಬ್ಬ ಅಜ್ಜ ಅಕ್ಷತೆಗೆಂದು ಪಕ್ಕದವರ ಮುಂದೆ ಅಂಗೈ ಒಡ್ಡಿದ. ಮುಖ್ಯ ಅತಿಥಿಗಳು ಕೊರಳ ಹಾರದಿಂದ ನಾಲ್ಕು ಎಸಳು ಕಿತ್ತು, ಮದುಮಕ್ಕಳು ಯಾವ ಕಡೆ ಅಂತ ಕಾಣದೆ, ಎದುರಿಗಿದ್ದ ನಮ್ಮ ಪ್ಲೇಯರಿನ ಮೇಲೇ ಎಸೆದರು. ಒಂದು ಕ್ಷಣ ಇಡೀ ಮೈದಾನ ಮದುವೆ ಮನೆ. ಆಮೇಲೆ ಹುಡುಗರೆಲ್ಲ ಹೋ ಅಂತ ನಗತೊಡಗಿದರು.

ಮಗನ ಕಡೆ ನೋಡಿದೆ. ನಗೆಪಾಟಲು ಅಂತ ಅವನು ಹೇಳಿದ್ದು ಇದನ್ನೇ. ಅವನು ತಲೆ ತಗ್ಗಿಸಿದ್ದ.

ಮೊಮ್ಮಗಳು ತಲೆ ಎತ್ತಲಿಲ್ಲ. ನಗು ಇಳಿಯುವುದನ್ನು ಕಾದಳು, ಡೋಲು ನಾಲ್ಕು ಬಡಿಯುವುದನ್ನು ಕಾದಳು, ರಾಜನನ್ನು ಬಿಟ್ಟಳು. "ಎಲವೋ!" ಮೈದಾನ ಗಪ್ಪಾಯಿತು. ಎಲ ಎಲ. ನಾಲ್ಕು ಬಡಿತ. ಎಲ ಎಲ ಎಲ. ಮತ್ತೆ ನಾಲ್ಕು. ಸ್ವಿಚ್ಚಿನ ಮೇಲೆ ಅವಳ ಹೆಬ್ಬೆರಳು ಮಳೆಹನಿ ಬಿದ್ದ ಹಾಗೆ ಬೀಳುತ್ತಿತ್ತು. ಎಲ ಎಲ ಎಲ ಎಲ ಎಲವೋ! ಹಿಂದಿನ ಸಾಲಿನ ಹುಡುಗರು ಕುರ್ಚಿಯ ಮೇಲೆ ಹತ್ತಿದರು. ಮುಂದಿನವರು ಮೇಜಿನ ಸುತ್ತ ಮುತ್ತಿಕೊಂಡರು. ಗಣ್ಯರೂ ಎದ್ದು ಬಂದರು.

ಮೂರು ನಿಮಿಷ ಆಗಿತ್ತೋ ಏನೋ. ರಾಜನ ಪ್ಲೇಯರಿನ ಹೊಟ್ಟೆಯೊಳಗೆ ಟಪ್ ಅಂತ ಒಂದು ಸದ್ದಾಯಿತು. "ಎಲ...ವೋ...ಓ..." ರಾಜ ನಿದ್ದೆಗೆ ಜಾರಿದವನ ಹಾಗೆ ಅಂದು ನಿಂತುಬಿಟ್ಟ. ಸ್ಪ್ರೇ ಪಂಪಿನ ವಾಷರ್ ಹರಿದಿತ್ತು.

ಆ ಕಡೆ ಗಟ್ಟಿಮೇಳ ಬಡಿಯುತ್ತಲೇ ಇತ್ತು. ಮೊಮ್ಮಗಳು ಎರಡೂ ಕೈ ಮೇಲೆತ್ತಿ ಕಲ್ಲಿನ ಹಾಗೆ ನಿಂತಳು. ಮಗನ ಕೈ ಆಂಪ್ಲಿಫೈಯರಿನ ಗುಂಡಿಗೆ ಹೋಯಿತು, ಸೌಂಡು ತೆಗೆದು ಮರ್ಯಾದೆಯಿಂದ ಮುಗಿಸಿಬಿಡೋಣ ಅಂತ. ಯಜಮಾನರು ಬಾಕ್ಸಿನ ಮೇಲೆ ಕೈ ಇಟ್ಟುಕೊಂಡೇ ಕೂಗಿದರು. ಕಿವಿ ಮಂದ ಇರುವವರ ಕೂಗು ಗೊತ್ತಲ್ಲ, ಮೈಕೇ ಬೇಡ.

"ನಿಲ್ಲಿಸ್ಬ್ಯಾಡ್ವೋ! ಡೋಲು ಸರ್ಯಾಗೈತೆ!"

ಮಗನ ಕೈ ಗುಂಡಿಯ ಮೇಲೇ ನಿಂತಿತು.

ರಾಜನದು ಸಣ್ಣ ಪ್ಲೇಟು, ಅದರ ಸುತ್ತ ತಟ್ಟೆಯ ಅಂಚು ಮೂರು ಬೆರಳು ಹೊರಗೆ ಕಾಣುತ್ತಿತ್ತು. ನಾನು ಬಗ್ಗಿ ಆ ಅಂಚಿಗೆ ತೋರುಬೆರಳು ಕೊಟ್ಟು ತಿರುಗಿಸಿದೆ. ಮೋಟರ್ ಮಾಡುವ ಕೆಲಸ ಅಷ್ಟೇ ತಾನೇ? ತಟ್ಟೆ ತಿರುಗಿತು, ಕಂಬಳಿ ತಿರುಗಿತು, ಪ್ಲೇಟೂ ತಿರುಗಿತು.

"ಹಿಡ್ಕೊ ಕೂಸೆ, ನಾನ್ ತಿರುಗಿಸ್ತೀನಿ!"

ಅವಳ ಕೈಗೆ ಜೀವ ಬಂತು. ಕೆಳಗೆ ತಟ್ಟೆ ನನ್ನದು, ಮೇಲೆ ಪ್ಲೇಟು ಅವಳದು. ಎಲ ಎಲ ಎಲವೋ! ಆದರೆ ನನಗೆ ಸಂತೋಷ ತಡೆಯಲಿಲ್ಲ, ಬೆರಳು ಜೋರಾಯಿತು, ರಾಜನ ದನಿ ಹಾಲುಗಲ್ಲದ ಮಗುವಿನದಾಯಿತು. ಜನ ಕೇಕೆ ಹಾಕಿದರು. ಗಾಬರಿಯಾಗಿ ನಿಧಾನ ಮಾಡಿದೆ, ರಾಜ ರಾಕ್ಷಸನಾದ. ಇನ್ನೂ ಜೋರು ಕೇಕೆ. ಎಲ್ಲ ಬೇಕೆಂದೇ ಮಾಡುತ್ತಿದ್ದೇವೆ ಅಂತ ಅವರು ತಿಳಿದಿದ್ದರು. ಮೊಮ್ಮಗಳು ಬಗ್ಗಿ ಕಿವಿಯಲ್ಲಿ, "ಅಜ್ಜಿ, ಈಗ ಮಗು... ಈಗ ರಾಕ್ಷಸ... ಮಗು, ಮಗು, ರಾಕ್ಷಸ!" ಅಂತ ಹೇಳುತ್ತಾ ಹೋದಳು. ನಾನು ಬೆರಳಲ್ಲಿ ಕೊಡುತ್ತಾ ಹೋದೆ. ಕೊನೆಗೆ ಗಟ್ಟಿಮೇಳ ಮುಗಿಯುವ ಮುಕ್ತಾಯಕ್ಕೆ ಸರಿಯಾಗಿ ಇಬ್ಬರೂ ಸೇರಿ ರಾಜನನ್ನು ಅವನ ಸ್ವಂತ ಗಂಟಲಿನ "ಎಲವೋ!"ಗೆ ತಂದು ನಿಲ್ಲಿಸಿದೆವು.

ಆ ಚಪ್ಪಾಳೆಯನ್ನು ನಾನು ಹೇಗೆ ಬರೆಯಲಿ. ಇಪ್ಪತ್ತು ವರ್ಷ ಎಷ್ಟೋ ಮದುವೆಯಲ್ಲಿ ಕೂತಿದ್ದೇನೆ, ಜನ ನನ್ನ ಕಡೆ ತಿರುಗಿ ನೋಡಿದ್ದು ಪ್ಲೇಟು ನಿಂತುಹೋದಾಗ ಮಾತ್ರ.

ಬಹುಮಾನದ ವಿಷಯದಲ್ಲಿ ತೀರ್ಪು ಕೊಡುವವರಿಗೆ ಜಗಳವಾಯಿತು. ಇದು ಹಾಡೂ ಅಲ್ಲ, ವಾದ್ಯವೂ ಅಲ್ಲ, ನಾಟಕವೂ ಅಲ್ಲ ಅಂತ. ಕೊನೆಗೆ ಡೋಲು ಇತ್ತು, ಅಜ್ಜಿಯೂ ಇದ್ದಳು ಅಂತ ಜಾನಪದದಲ್ಲಿ ಎರಡನೇ ಬಹುಮಾನ ಕೊಟ್ಟರು. ಒಂದು ಸ್ಟೀಲ್ ಡಬ್ಬ. ಮಗ ವೈರು ಸುತ್ತಿ ಜೀಪಿಗೆ ಹಾಕಿದ. ಮನೆ ಮುಟ್ಟಿದ ಮೇಲೆ ಮಗಳ ಕೈ ಹಿಡಿದು ಬೆರಳುಗಳನ್ನು ಲೈಟಿಗೆ ತಿರುಗಿಸಿ ನೋಡಿ, "ಇದ್ಕೆ ತೆಂಗಿನೆಣ್ಣೆ ಹಚ್ಕೊ" ಅಂದ. ಅಷ್ಟೇ. ಸೆಟ್ಟಿನ ಜೊತೆ ಬರುವ ಮಾತು ಏನಾಯಿತು ಅಂತ ಕೇಳಲು ನನ್ನ ನಾಲಿಗೆ ಕಡಿಯುತ್ತಿತ್ತು, ತಡೆದುಕೊಂಡೆ.

ವಾರ ಕಳೆದು ಕುಂದೂರಿನ ಕಡೆಯವರು ಮದುವೆಗೆ ಸೆಟ್ಟು ಹೇಳಲು ಬಂದರು. ಗೇಟಿನಲ್ಲಿ ಕೂಗಿದರು, ಒಳಗೆ ಕರೆದೆವು. ಎಲ್ಲ ಮಾತಾದ ಮೇಲೆ ಅವರಲ್ಲಿ ದೊಡ್ಡವರು ಮೀಸೆಯಲ್ಲೇ ನಕ್ಕು, "ಆ ರಾಜನ್ನ ಕುಣಿಸ್ತಾರಲ್ಲ, ಅವ್ರೂ ಬರ್ತಾರಾ?" ಅಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಹಿಂದೆ ಮೊಮ್ಮಗಳು, ನನ್ನ ಸೆರಗು ಹಿಡಿದು ತಿರುಚುತ್ತಿದ್ದಳು. ಮಗ ಪೆನ್ನಿನ ಕ್ಯಾಪು ತೆಗೆದ, ಹಾಕಿದ, ತೆಗೆದ.

"ಬರ್ತಾರೆ" ಅಂದ. "ಇನ್ಮೇಲೆ ಪ್ಲೇಟ್ ಹಾಕೋದು ನನ್ ಮಗಳು. ಜೊತೇಲಿ ನಮ್ಮವ್ವ. ಆದ್ರೆ ಒಂದ್ ಮಾತು ಈಗ್ಲೇ ಹೇಳ್ಬುಡ್ತೀನಿ, ಅವ್ರಿಬ್ರಿಗೂ ಮೊದ್ಲನೇ ಪಂಕ್ತೀಲಿ ಎಲೆ ಹಾಕ್ಬೇಕು."

ಮೈಕ್ ಸೆಟ್ಟಿನವರಿಗೆ ಎಲ್ಲಿ ಹೋದರೂ ಊಟ ಕೊನೆಯ ಪಂಕ್ತಿ. ಹಾಡು ನಿಲ್ಲಬಾರದಲ್ಲ. ಬೀಗರು ಉಂಡು, ನೆಂಟರು ಉಂಡು, ಅಡುಗೆಯವರು ಪಾತ್ರೆ ಕವುಚುವ ಹೊತ್ತಿಗೆ ನಮ್ಮನ್ನು ಕರೆಯುವುದು. ನನ್ನ ಮಗನಿಗೆ ಇದು ನೆನಪಿತ್ತು. ಚಿಕ್ಕವನಿದ್ದಾಗ ನನ್ನ ಪಕ್ಕದಲ್ಲಿ ಕೂತು ಹಸಿವಾಗಿ ಅಳುತ್ತಿದ್ದನಲ್ಲ.

ಕುಂದೂರಿನ ಮದುವೆಯಲ್ಲಿ ಅವನೇ ಬಂದು ಮೇಜಿನ ಮುಂದೆ ಕೂತು, "ಹೋಗ್ರವ್ವ, ಉಂಡು ಬನ್ನಿ" ಅಂದ. ನಾವಿಬ್ಬರೂ ಬೀಗರ ಸಾಲಿನಲ್ಲಿ ಕೂತೆವು. ಸಾರು ಹೊಗೆಯಾಡುತ್ತಿತ್ತು. ಅಭ್ಯಾಸವಿಲ್ಲದೆ ನಾಲಿಗೆ ಸುಟ್ಟುಕೊಂಡೆ. ಮೊಮ್ಮಗಳು ನೀರಿನ ಲೋಟ ಮುಂದೆ ಹಿಡಿದಳು. ಬೇಡ ಅಂದು, ಬಡಿಸುವವರನ್ನು ಕರೆದು ಇನ್ನೊಂದು ಸೌಟು ಹಾಕಿಸಿಕೊಂಡೆ.